ವಿಂಚೆಂಜೊ ನಿಬಾಲಿ

ನಿಬಾಲಿ, ವಿಂಚೆಂಜೊ (ಜನನ 14 ನವೆಂಬರ್ 1984). ಇಟಲಿಯ ನಿವೃತ್ತ ರಸ್ತೆ ಸೈಕಲ್ ಪಟು. ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದವ. 2005ರಿಂದ 2022ರವರೆಗೆ ಹದಿನೆಂಟು ಋತುಗಳ ಕಾಲ ವೃತ್ತಿಪರ ಸವಾರನಾಗಿದ್ದ. ಸ್ಪೇನಿನ ವುವೆಲ್ಟಾ (2010), ಇಟಲಿಯ ಜೀರೊ (2013, 2016), ಫ್ರಾನ್ಸಿನ ಟೂರ್ (2014) ಈ ಮೂರೂ ಮಹಾಸ್ಪರ್ಧೆಗಳನ್ನು ಗೆದ್ದ ಕೆಲವೇ ಮಂದಿಯಲ್ಲಿ ಒಬ್ಬ. ಒಂದು ದಿನದ ದೊಡ್ಡ ಓಟಗಳ ಪೈಕಿ ಲೊಂಬಾರ್ದಿಯಾವನ್ನು ಎರಡು ಬಾರಿ (2015, 2017), ಮಿಲಾನ್–ಸಾನ್ ರೆಮೊವನ್ನು ಒಮ್ಮೆ (2018) ಗೆದ್ದಿದ್ದಾನೆ. ಇಟಲಿಯ ಮುಖ್ಯಭೂಮಿಯನ್ನೂ ಸಿಸಿಲಿಯನ್ನೂ ಬೇರ್ಪಡಿಸುವ ಕಿರಿದಾದ ಜಲಸಂಧಿಯ ದಡದಲ್ಲಿ ಹುಟ್ಟಿದ್ದರಿಂದ 'ಜಲಸಂಧಿಯ ಶಾರ್ಕ್' ಎಂಬ ಅಡ್ಡಹೆಸರು ಬಂತು. ಇಟಲಿಯವರ ಬಾಯಲ್ಲಿ ಅದು 'ಸ್ಕ್ವಾಲೊ'.

ರಸ್ತೆ ಸೈಕ್ಲಿಂಗ್ ನಮ್ಮಲ್ಲಿ ಟಿವಿಯ ಮುಂದೆ ಕೂತು ನೋಡುವ ಆಟವಲ್ಲ. ಹಾಗಾಗಿ ಅದರ ಲೆಕ್ಕಾಚಾರವನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡಬೇಕು. ಜೀರೊ, ಟೂರ್, ವುವೆಲ್ಟಾ ಈ ಮೂರಕ್ಕೆ ಗ್ರ್ಯಾಂಡ್ ಟೂರ್ ಎಂದು ಹೆಸರು. ಒಂದೊಂದೂ ಮೂರು ವಾರ, 21 ಹಂತ, ಸುಮಾರು 3,400 ಕಿ.ಮೀ. ದಿನವೂ ಒಂದು ಹಂತ. ಎಲ್ಲ ಹಂತಗಳ ಸಮಯವನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವನೇ ಒಟ್ಟಾರೆ ವಿಜೇತ. ಮುಂದಿರುವವನಿಗೆ ಜೀರೊದಲ್ಲಿ ಗುಲಾಬಿ, ಟೂರ್‌ನಲ್ಲಿ ಹಳದಿ, ವುವೆಲ್ಟಾದಲ್ಲಿ ಕೆಂಪು ಅಂಗಿ. ಒಂದೂ ಹಂತವನ್ನು ಗೆಲ್ಲದೆ ಇಡೀ ಸ್ಪರ್ಧೆಯನ್ನು ಗೆಲ್ಲಬಹುದು. ಒಂದೇ ಕೆಟ್ಟ ಮಧ್ಯಾಹ್ನದಲ್ಲಿ ಮೂರು ವಾರದ ದುಡಿಮೆ ನೀರಿಗೆ ಹೋಗಲೂಬಹುದು. ಇದರ ಜೊತೆಗೆ ವರ್ಷದಲ್ಲಿ ಐದು ಹಳೆಯ ಏಕದಿನ ಓಟಗಳಿವೆ, ಅವುಗಳನ್ನು ಮಾನ್ಯುಮೆಂಟ್ ಎನ್ನುತ್ತಾರೆ. ಮೂರು ವಾರದ ಓಟಕ್ಕೆ ಬೇಕಾದ ಮೈಕಟ್ಟು ಬೇರೆ, ಒಂದು ದಿನದ ಓಟಕ್ಕೆ ಬೇಕಾದ ಚುರುಕು ಬೇರೆ. ಈ ಎರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡಿದ್ದವನು ನಿಬಾಲಿ.

ಬಾಲ್ಯ ಮತ್ತು ಟಸ್ಕನಿ

ಇಟಲಿಯ ಸೈಕ್ಲಿಂಗ್ ಎಂದರೆ ಬಹುಮಟ್ಟಿಗೆ ಉತ್ತರದ ಮತ್ತು ನಡುನಾಡಿನ ಆಟ. ಕೊಪ್ಪಿ ಪೀಡ್‌ಮಾಂಟಿನವ, ಬಾರ್ತಾಲಿ ಟಸ್ಕನಿಯವ, ಜಿಮೊಂದಿ ಲೊಂಬಾರ್ದಿಯಾದವ, ಪಂತಾನಿ ರೊಮಾನ್ಯಾದವ. ಕ್ಲಬ್ಬು, ತರಬೇತುದಾರ, ಭಾನುವಾರದ ಓಟ, ಸೈಕಲ್ ಕಾರ್ಖಾನೆ ಎಲ್ಲವೂ ಅಲ್ಲಿ. ಸಿಸಿಲಿಯ ಹುಡುಗ ಓಟಕ್ಕೆ ಹೋಗಬೇಕೆಂದರೆ ಮೊದಲು ದೋಣಿ ಹತ್ತಬೇಕು, ಆಮೇಲೆ ರಾತ್ರಿಯಿಡೀ ರಸ್ತೆ ಸವೆಸಬೇಕು. ನಿಬಾಲಿಯ ತಂದೆ ತಾಯಿ ಮೆಸ್ಸಿನಾದಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದರು. ಸೈಕಲ್ಲಿನ ಹುಚ್ಚು ತಂದೆಯಿಂದಲೇ ಬಂದದ್ದು. ಹುಡುಗ ತಂಟೆ ಮಾಡಿದನೆಂದು ತಂದೆ ಸಿಟ್ಟಿನಲ್ಲಿ ಅವನ ಸೈಕಲ್ಲನ್ನು ಗರಗಸದಿಂದ ಕತ್ತರಿಸಿದ ಕಥೆ ಇಟಲಿಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಹಾಗೆ ಕತ್ತರಿಸಿದ ಮನೆಯಿಂದಲೇ ಇಬ್ಬರು ವೃತ್ತಿಪರರು ಹೊರಟರು: ವಿಂಚೆಂಜೊನ ತಮ್ಮ ಅಂತೋನಿಯೊ ಕೂಡ ಮುಂದೆ ಅಣ್ಣನ ತಂಡಗಳಲ್ಲಿ ಸವಾರಿ ಮಾಡಿದ.

ಊರ ಹಿಂದಿನ ಪೆಲೊರಿತಾನಿ ಬೆಟ್ಟಗಳ ಏರು ಇಳಿವುಗಳಲ್ಲಿ ಕಾಲು ಗಟ್ಟಿಯಾದ ಮೇಲೆ, ಇನ್ನೂ ಹದಿನಾರರ ಆಸುಪಾಸಿನಲ್ಲಿರುವಾಗಲೇ, ಮನೆ ಬಿಟ್ಟು ಟಸ್ಕನಿಯ ಮಾಸ್ತ್ರೊಮಾರ್ಕೊ ಎಂಬ ಹಳ್ಳಿಯ ತಂಡ ಸೇರಿದ. ಅಲ್ಲಿನ ತಂಡದ ಮುಖ್ಯಸ್ಥ ಕಾರ್ಲೊ ಫ್ರಾಂಚೆಸ್ಕಿ ಹುಡುಗನಿಗೆ ಎರಡನೆಯ ತಂದೆಯಾದ. ದಕ್ಷಿಣದ ಹುಡುಗ ಉತ್ತರದವರ ನಡುವೆ ಬೆಳೆದದ್ದು ಹೀಗೆ. 2002ರ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟೈಮ್ ಟ್ರಯಲ್ (ಗಡಿಯಾರದ ಎದುರಿನ ಓಟ) ಕಂಚು, 2004ರಲ್ಲಿ 23 ವರ್ಷದೊಳಗಿನವರ ವಿಭಾಗದಲ್ಲಿ ಮತ್ತೊಂದು ಕಂಚು. 2005ರಲ್ಲಿ ಫಾಸ್ಸಾ ಬೊರ್ತೊಲೊ ತಂಡದಲ್ಲಿ ವೃತ್ತಿ ಆರಂಭ, ಮರುವರ್ಷವೇ ಲಿಕ್ವಿಗಾಸ್ ತಂಡಕ್ಕೆ. ಅಲ್ಲಿ ಏಳು ವರ್ಷ ಇದ್ದ.

ಇಳಿಜಾರಿನಲ್ಲಿ ಕಂಡ ಪ್ರತಿಭೆ

2010ರ ಜೀರೊಗೆ ನಿಬಾಲಿಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ತಂಡದ ಫ್ರಾಂಕೊ ಪೆಲ್ಲಿಜೊತ್ತಿಯನ್ನು ರಕ್ತದ ದಾಖಲೆಯಲ್ಲಿ ಕಂಡ ಉದ್ದೀಪನ ಮದ್ದಿನ ಅನುಮಾನದ ಮೇಲೆ ಕೈಬಿಟ್ಟಾಗ ಕೊನೆಯ ಗಳಿಗೆಯಲ್ಲಿ ಇವನಿಗೆ ಕರೆ ಬಂತು. ಇವಾನ್ ಬಾಸ್ಸೊನ ಸಹಾಯಕನಾಗಿ ಹೋದವನು ತಂಡದ ಟೈಮ್ ಟ್ರಯಲ್ ಮುಗಿದ ದಿನ ಗುಲಾಬಿ ಅಂಗಿ ತೊಟ್ಟ. ಮೊಂತಾಲ್ಚೀನೊದ ಕೆಸರು ರಸ್ತೆಯಲ್ಲಿ ಅದನ್ನು ಕಳೆದುಕೊಂಡ. ಮತ್ತೊಂದು ವಾರಕ್ಕೆ ಮೊಂತೆ ಗ್ರಾಪ್ಪಾದ ನೆತ್ತಿಯಿಂದ ಕೆಳಕ್ಕೆ ಒಬ್ಬನೇ ಜಾರಿ ಅಸೊಲೊದಲ್ಲಿ ಹಂತ ಗೆದ್ದ. ಬಾಸ್ಸೊ ಜೀರೊ ಗೆದ್ದ, ನಿಬಾಲಿ ಮೂರನೆಯವನಾದ.

ಆ ಅಸೊಲೊ ಹಂತ ಅವನ ಇಡೀ ವೃತ್ತಿಜೀವನದ ಮಾದರಿ. ಏರಿನಲ್ಲಿ ಎಲ್ಲರೂ ಏದುಸಿರು ಬಿಡುತ್ತಾರೆ, ಅಲ್ಲಿ ವ್ಯತ್ಯಾಸ ಸೆಕೆಂಡುಗಳಲ್ಲಿ. ಇಳಿಜಾರಿನಲ್ಲಿ ಹೆಚ್ಚಿನವರು ಉಸಿರು ಹಿಂಪಡೆಯುತ್ತಾರೆ, ತಿಂಡಿ ತಿನ್ನುತ್ತಾರೆ, ಜೀವ ಕೈಯಲ್ಲಿ ಹಿಡಿದು ಬ್ರೇಕ್ ಒತ್ತುತ್ತಾರೆ. ನಿಬಾಲಿಗೆ ಅದು ಓಟ ಶುರುವಾಗುವ ಜಾಗ. ತಿರುವಿಗೆ ಬರುವ ಮುಂಚೆಯೇ ಬ್ರೇಕ್ ಹಾಕಿ ಮುಗಿಸುವುದು, ಹೊರಗಿನ ಪೆಡಲ್ಲಿನ ಮೇಲೆ ಮೈಭಾರ ಇಳಿಸಿ ಸೈಕಲ್ಲನ್ನು ಒಳಕ್ಕೆ ಬಾಗಿಸುವುದು, ಕಣ್ಣು ಮುಂಗಾಲಿಯ ಮೇಲಲ್ಲ, ತಿರುವು ಮುಗಿಯುವ ತುದಿಯ ಮೇಲೆ. ಹೇಳಲು ಸುಲಭ, ಬೆರಳ ದಪ್ಪದ ಟೈರಿನ ಮೇಲೆ ಗಂಟೆಗೆ 80 ಕಿ.ಮೀ. ವೇಗದಲ್ಲಿ, ಒದ್ದೆ ಡಾಂಬರಿನಲ್ಲಿ ಅದನ್ನೇ ಮಾಡುವುದು ಬೇರೆ ಮಾತು. ಹೆದರಿದವನ ಹೆಗಲು ಸೆಟೆದುಕೊಳ್ಳುತ್ತದೆ, ಸೆಟೆದುಕೊಂಡವನ ಸೈಕಲ್ಲು ತಿರುಗುವುದಿಲ್ಲ. ನಿಬಾಲಿ ಇಳಿಯುವ ಹಳೆಯ ದೃಶ್ಯಗಳನ್ನು ನೋಡಿದರೆ ಅವನ ಹೆಗಲಲ್ಲಿ ಎಲ್ಲೂ ಬಿಗಿ ಕಾಣಿಸುವುದಿಲ್ಲ.

ಅದೇ ವರ್ಷದ ವುವೆಲ್ಟಾದಲ್ಲಿ ಮುಂದಿದ್ದ ಇಗೊರ್ ಅಂತೋನ್ 14ನೆಯ ಹಂತದಲ್ಲಿ ಬಿದ್ದು ಹೊರಬಿದ್ದ. ಕೆಂಪು ಅಂಗಿ ನಿಬಾಲಿಗೆ ಬಂತು, ಹೊವಾಕಿಮ್ ರೊಡ್ರಿಗೆಸ್‌ಗೆ ಹೋಯಿತು, ಟೈಮ್ ಟ್ರಯಲ್‌ನಲ್ಲಿ ಮತ್ತೆ ಮರಳಿತು. ಕೊನೆಗೆ ಎಸೆಕಿಯೆಲ್ ಮೊಸ್ಕೇರಾನಿಗಿಂತ 41 ಸೆಕೆಂಡು ಮುಂದೆ ಗೆದ್ದ. 1990ರ ಮಾರ್ಕೊ ಜೊವಾನೆತ್ತಿಯ ನಂತರ ವುವೆಲ್ಟಾ ಗೆದ್ದ ಮೊದಲ ಇಟಾಲಿಯನ್. 'ಮುಂದಿದ್ದವನು ಬಿದ್ದ, ಇವನು ಗೆದ್ದ' ಎಂಬ ಮಾತೂ ಅಂದೇ ಹುಟ್ಟಿತು. ಆ ಮಾತು ಕೊನೆಯವರೆಗೂ ಅವನ ಬೆನ್ನು ಬಿಡಲಿಲ್ಲ.

2012ರಲ್ಲಿ ಟೂರ್‌ನಲ್ಲಿ ವಿಗ್ಗಿನ್ಸ್, ಫ್ರೂಮ್ ಇವರ ಹಿಂದೆ ಮೂರನೆಯವನಾದ. ಅದೇ ವಸಂತದಲ್ಲಿ ಬೆಲ್ಜಿಯಂನ ಲಿಯೆಜ್–ಬಾಸ್ತೋನ್ಯ್–ಲಿಯೆಜ್ ಓಟದಲ್ಲಿ ಒಬ್ಬನೇ ಮುಂದೆ ಹೋಗಿ, ಗೆರೆ ಕಾಣುವ ಹೊತ್ತಿಗೆ ಕಜಾಕಸ್ತಾನದ ಮಕ್ಸಿಮ್ ಇಗ್ಲಿನ್‌ಸ್ಕಿಯ ಕೈಗೆ ಸಿಕ್ಕಿ ಎರಡನೆಯವನಾದ. ಈ ಇಗ್ಲಿನ್‌ಸ್ಕಿಯ ಹೆಸರು ಮುಂದೆ ಇನ್ನೊಂದು ಕಾರಣಕ್ಕೆ ಬರುತ್ತದೆ.

ಹಿಮದಲ್ಲಿ ಗುಲಾಬಿ, ಕಲ್ಲಿನ ಮೇಲೆ ಹಳದಿ

2013ರಲ್ಲಿ ಕಜಾಕಸ್ತಾನದ ಹಣದಲ್ಲಿ ನಡೆಯುತ್ತಿದ್ದ ಅಸ್ತಾನಾ ತಂಡ ಸೇರಿದ. ಆ ವರ್ಷದ ಜೀರೊದ ಹವಾಮಾನ ಎಷ್ಟು ಕೆಟ್ಟದ್ದಿತ್ತೆಂದರೆ 19ನೆಯ ಹಂತವನ್ನೇ ಹಿಮದ ಕಾರಣ ರದ್ದು ಮಾಡಿದರು. ಮರುದಿನ, ಮೇ 25, ದೊಲೊಮೈಟ್ ಪರ್ವತಗಳ ತ್ರೆ ಚಿಮೆ ದಿ ಲವರೆದೊ ಏರು. ಮುಕ್ತಾಯದ ಗೆರೆ 2,300 ಮೀಟರಿಗೂ ಮೇಲೆ. ಗೆಲ್ಲಲು ನಿಬಾಲಿಗೆ ಆ ದಿನ ಏನೂ ಮಾಡಬೇಕಾಗಿರಲಿಲ್ಲ. ಮುನ್ನಡೆ ಕೈಯಲ್ಲಿತ್ತು, ಎದುರಾಳಿಗಳ ಚಕ್ರ ಹಿಡಿದು ಮೇಲೆ ತಲುಪಿದರೆ ಸಾಕಿತ್ತು. ಆದರೂ ಎಲ್ಲರನ್ನೂ ಬಿಟ್ಟು ಮುಂದೆ ಹೋದ. ಹಿಮ ಅಡ್ಡಡ್ಡ ಸುರಿಯುತ್ತಿತ್ತು, ರಸ್ತೆಯ ಎರಡೂ ಬದಿ ಕಂಬಳಿ ಹೊದ್ದ ಜನ, ಬಿಳಿಯ ನಡುವೆ ಒಂದೇ ಒಂದು ಗುಲಾಬಿ ಅಂಗಿ. ಇಟಲಿಯ ಜನ ಅವನನ್ನು ಮೊದಲ ಬಾರಿ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಆ ಚಿತ್ರದಿಂದ. ರಿಗೊಬೆರ್ತೊ ಉರಾನ್‌ನಿಗಿಂತ 4 ನಿಮಿಷ 43 ಸೆಕೆಂಡು ಮುಂದೆ ಜೀರೊ ಮುಗಿಸಿದ.

2014ರ ಟೂರ್ ಇಂಗ್ಲೆಂಡಿನಲ್ಲಿ ಶುರುವಾಯಿತು. ಎರಡನೆಯ ದಿನ ಶೆಫೀಲ್ಡಿನಲ್ಲಿ, ರಾಷ್ಟ್ರೀಯ ಚಾಂಪಿಯನ್ನನ ತ್ರಿವರ್ಣ ಅಂಗಿಯಲ್ಲಿದ್ದ ನಿಬಾಲಿ ಕೊನೆಯ ಎರಡು ಕಿ.ಮೀ. ಇರುವಾಗ ಗುಂಪಿನಿಂದ ಜಿಗಿದು ಹಂತವನ್ನೂ ಹಳದಿ ಅಂಗಿಯನ್ನೂ ಒಟ್ಟಿಗೆ ಎತ್ತಿಕೊಂಡ. ಐದನೆಯ ಹಂತ ಉತ್ತರ ಫ್ರಾನ್ಸಿನ ಹಾಸುಗಲ್ಲಿನ ರಸ್ತೆಗಳ ಮೇಲೆ, ಅದೂ ಮಳೆಯಲ್ಲಿ. ಆ ಕಲ್ಲುಗಳು ಮೂರು ವಾರದ ಓಟದವರಿಗೆ ಆಗಿಬರುವುದಿಲ್ಲ. ಹಗುರ ಮೈಯವರನ್ನು ಚೆಂಡಿನಂತೆ ಎಗರಿಸುತ್ತವೆ. ಹಿಂದಿನ ವರ್ಷದ ವಿಜೇತ ಫ್ರೂಮ್ ಕಲ್ಲು ರಸ್ತೆ ಬರುವ ಮೊದಲೇ ಬಿದ್ದು ಕಾರು ಹತ್ತಿದ. ಇನ್ನೊಬ್ಬ ಪ್ರಬಲ ಎದುರಾಳಿ ಕೊಂತಾದೊರ್ ಕೆಸರಿನಲ್ಲಿ ಹಿಂದುಳಿದು ನಿಬಾಲಿಗೆ ಎರಡೂವರೆ ನಿಮಿಷಕ್ಕೂ ಹೆಚ್ಚು ಬಿಟ್ಟುಕೊಟ್ಟ. ನಿಬಾಲಿ ಆ ದಿನ ಮೂರನೆಯವನಾಗಿ ಮುಗಿಸಿದ, ಕಲ್ಲುರಸ್ತೆಯಲ್ಲೇ ಪಳಗಿದ ಬೆಲ್ಜಿಯನ್ನರನ್ನೂ ಹಿಂದೆ ಹಾಕಿ. ಹತ್ತನೆಯ ಹಂತದಲ್ಲಿ ಕೊಂತಾದೊರ್ ಕೂಡ ಇಳಿಜಾರಿನಲ್ಲಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡ.

ಉಳಿದವರ ಪಾಲಿಗೆ ಟೂರ್ ಅಲ್ಲಿಗೇ ಮುಗಿದಂತೆ. ಪ್ಲಾಂಶ್ ದೆ ಬೆಲ್ ಫೀಯ್, ಶಾಂರೂಸ್, ಓತಾಕಾಂ ಮೂರೂ ಗಿರಿಶಿಖರಗಳಲ್ಲಿ ನಿಬಾಲಿ ಗೆದ್ದ. ಎರಡನೆಯವನಾದ ಫ್ರಾನ್ಸಿನ ಪೆರೋಗೂ ಅವನಿಗೂ ನಡುವೆ 7 ನಿಮಿಷ 37 ಸೆಕೆಂಡುಗಳ ಅಂತರ. 1998ರ ಪಂತಾನಿಯ ನಂತರ, ಹದಿನಾರು ವರ್ಷಕ್ಕೆ, ಇಟಲಿಯ ಸವಾರನೊಬ್ಬ ಪ್ಯಾರಿಸ್ಸಿನಲ್ಲಿ ಹಳದಿ ಅಂಗಿಯಲ್ಲಿ ನಿಂತ. ಬೊತ್ತೆಕ್ಕಿಯಾ, ಬಾರ್ತಾಲಿ, ಕೊಪ್ಪಿ, ನೆಂಚೀನಿ, ಜಿಮೊಂದಿ, ಪಂತಾನಿ ಇವರ ಸಾಲಿಗೆ ಏಳನೆಯ ಹೆಸರು ಸೇರಿತು.

ಫ್ರೂಮ್, ಕೊಂತಾದೊರ್ ಇದ್ದಿದ್ದರೆ? ಈ ಪ್ರಶ್ನೆಯನ್ನು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಓಟ ಮೂರು ವಾರದ್ದು, ರಸ್ತೆ ಎಲ್ಲರಿಗೂ ಒಂದೇ, ಮಳೆಯೂ ಒಂದೇ. ಸೈಕಲ್ಲಿನ ಮೇಲೆ ಕೂತಿರುವುದೂ ಈ ಆಟದ ಒಂದು ವಿದ್ಯೆ. ಕೊಂತಾದೊರ್ ಹತ್ತನೆಯ ಹಂತದಲ್ಲಿ ಬಿದ್ದ, ಆದರೆ ಅವನು ಸೋತದ್ದು ಐದನೆಯ ಹಂತದಲ್ಲಿ, ನೆಟ್ಟಗೆ ಕೂತು ಪೆಡಲ್ ತುಳಿಯುತ್ತಿರುವಾಗಲೇ.

ಬಿಸಿ ತಟ್ಟಿದ ವರ್ಷ

ಗೆಲುವಿನ ಸಂಭ್ರಮ ತಣಿಯುವ ಮೊದಲೇ ಅಸ್ತಾನಾ ತಂಡದಲ್ಲಿ ಉದ್ದೀಪನ ಮದ್ದಿನ ಪ್ರಕರಣಗಳು ಹೊರಬಿದ್ದವು. ಸಿಕ್ಕಿಬಿದ್ದವರಲ್ಲಿ ಲಿಯೆಜ್‌ನಲ್ಲಿ ನಿಬಾಲಿಯನ್ನು ಸೋಲಿಸಿದ್ದ ಆ ಇಗ್ಲಿನ್‌ಸ್ಕಿಯೇ ಒಬ್ಬ, ಅವನ ತಮ್ಮ ಇನ್ನೊಬ್ಬ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2015ರ ಫೆಬ್ರುವರಿಯಲ್ಲಿ ತಂಡದ ಪರವಾನಗಿ ರದ್ದು ಮಾಡುವಂತೆ ಕೇಳಿತು. ಪರವಾನಗಿ ಸಮಿತಿ ಏಪ್ರಿಲ್‌ನಲ್ಲಿ ಷರತ್ತಿನ ಮೇಲೆ ಉಳಿಸಿತು. ನಿಬಾಲಿಯ ಮೇಲೆ ಯಾವ ಆರೋಪವೂ ಬರಲಿಲ್ಲ, ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಉದ್ದೀಪನ ಮದ್ದಿಗಾಗಿ ಶಿಕ್ಷೆ ಆಗಿಲ್ಲ. ಆದರೆ ಮದ್ದಿನ ಅನುಮಾನದಲ್ಲಿ ಪಂತಾನಿಯ ಪತನವನ್ನು ಕಂಡ ಇಟಲಿಯ ಜನ ಹಳದಿ ಅಂಗಿಯನ್ನು ಸುಲಭವಾಗಿ ನಂಬುವ ಸ್ಥಿತಿಯಲ್ಲಿರಲಿಲ್ಲ. ಟೂರ್ ಗೆದ್ದವನಿಗೆ ಸಿಗಬೇಕಾದ ಪ್ರೀತಿಯಲ್ಲಿ ಒಂದು ಪಾಲು ಈ ಅನುಮಾನಕ್ಕೆ ಹೋಯಿತು.

2015 ಒಟ್ಟಾರೆ ಜಗಳದ ವರ್ಷ. ಟೂರ್‌ನ 19ನೆಯ ಹಂತದಲ್ಲಿ ಫ್ರೂಮ್‌ನ ಸೈಕಲ್ಲಿನಲ್ಲಿ ಏನೋ ಸಿಕ್ಕಿಹಾಕಿಕೊಂಡು ಅವನು ನಿಂತ ಗಳಿಗೆಯಲ್ಲೇ ನಿಬಾಲಿ ಮುನ್ನುಗ್ಗಿದ, ಲಾ ತುಸ್ಯೀರ್‌ನಲ್ಲಿ ಹಂತ ಗೆದ್ದ. ಹಳದಿ ಅಂಗಿಯವನು ಯಾಂತ್ರಿಕ ತೊಂದರೆಯಿಂದ ನಿಂತಾಗ ಕಾಯುವುದು ಈ ಆಟದ ಅಲಿಖಿತ ಮರ್ಯಾದೆ. ಫ್ರೂಮ್ ಬಹಿರಂಗವಾಗಿಯೇ ಕಿಡಿ ಕಾರಿದ. ಒಂದು ತಿಂಗಳೊಳಗೆ ವುವೆಲ್ಟಾದ ಎರಡನೆಯ ಹಂತದಲ್ಲಿ ಇನ್ನೂ ದೊಡ್ಡ ಮುಖಭಂಗ. ಬಿದ್ದು ಹಿಂದುಳಿದಿದ್ದ ನಿಬಾಲಿ ತಂಡದ ಕಾರನ್ನು ಹಿಡಿದು ಮುಂದಕ್ಕೆ ಎಳೆಸಿಕೊಂಡು ಹೋದದ್ದು ಹೆಲಿಕಾಪ್ಟರಿನ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಂಡಿತು. ಇತರ ಸವಾರರು ನಿಂತಲ್ಲೇ ನಿಂತಂತೆ ಕಾಣುವಷ್ಟು ವೇಗ. ಅಂದೇ ಸ್ಪರ್ಧೆಯಿಂದ ಹೊರಹಾಕಿದರು. ಇದನ್ನು ಸಮರ್ಥಿಸಲು ಅವನ ಅಭಿಮಾನಿಗಳಿಗೂ ಸಾಧ್ಯವಿಲ್ಲ. ಬಾಟಲಿ ಕೊಡುವ ನೆಪದಲ್ಲಿ ಕಾರು ಹಿಡಿಯುವುದು ಎಲ್ಲರೂ ಮಾಡುವ ಸಣ್ಣ ಕಳ್ಳಾಟ. ನಿಬಾಲಿ ಮಾಡಿದ್ದು ಸಣ್ಣದಾಗಿರಲಿಲ್ಲ.

ಆ ಋತುವನ್ನು ಅಕ್ಟೋಬರ್‌ನಲ್ಲಿ ತನ್ನದೇ ರೀತಿಯಲ್ಲಿ ತೊಳೆದುಕೊಂಡ. ಲೊಂಬಾರ್ದಿಯಾ ಓಟದ ಚಿವೀಲ್ಯೊ ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಕೊಮೊ ಪಟ್ಟಣಕ್ಕೆ ಒಬ್ಬನೇ ಬಂದ. 2008ರ ಕುನೆಗೊನ ನಂತರ ಮಾನ್ಯುಮೆಂಟ್ ಗೆದ್ದ ಮೊದಲ ಇಟಾಲಿಯನ್.

ಅನ್ಯೆಲ್ಲೊ ಘಾಟಿ, 2016

ನಿಬಾಲಿಯ ಒಂದೇ ಒಂದು ದಿನವನ್ನು ನೋಡಬೇಕೆಂದರೆ 2016ರ ಮೇ 27ನ್ನು ನೋಡಬೇಕು. ಅದಕ್ಕೆ ಹಿಂದಿನ ಎರಡು ವಾರದಲ್ಲಿ ಅವನು ಜೀರೊ ಸೋತಾಗಿತ್ತು. ಆಲ್ಪೆ ದಿ ಸಿಯೂಸಿಯ ಗುಡ್ಡದ ಟೈಮ್ ಟ್ರಯಲ್‌ನಲ್ಲಿ ಸೈಕಲ್ಲು ಕೈಕೊಟ್ಟು ಎರಡು ನಿಮಿಷಕ್ಕೂ ಹೆಚ್ಚು ಕಳೆದುಕೊಂಡ, ಮುಂದಿನ ಹಂತದಲ್ಲಿ ಮತ್ತೆ ಹಿಂದುಳಿದ. ಏನೋ ಕಾಯಿಲೆ ಇರಬೇಕೆಂದು ತಂಡದವರೇ ಮಾತಾಡಿಕೊಳ್ಳುತ್ತಿದ್ದರು. ಮೂರು ಹಂತ ಉಳಿದಾಗ ನಾಲ್ಕನೆಯ ಸ್ಥಾನ, ಗುಲಾಬಿ ಅಂಗಿಯ ಡಚ್ ಸವಾರ ಸ್ಟೀವನ್ ಕ್ರೌಸ್‌ವೈಕ್‌ನಿಗಿಂತ 4 ನಿಮಿಷ 43 ಸೆಕೆಂಡು ಹಿಂದೆ. ಮೂರು ವರ್ಷದ ಹಿಂದೆ ಜೀರೊ ಗೆದ್ದಾಗಿನ ಅಂತರವೇ ಈಗ ತಿರುವುಮುರುವಾಗಿ ಬಂದಿತ್ತು.

ಆ ದಿನದ ದಾರಿ ಇಟಲಿಯಿಂದ ಫ್ರಾನ್ಸಿಗೆ, ನಡುವೆ 2,744 ಮೀಟರ್ ಎತ್ತರದ ಅನ್ಯೆಲ್ಲೊ ಘಾಟಿ. ನೆತ್ತಿಯ ಮೇಲೆ ರಸ್ತೆಯ ಎರಡೂ ಬದಿಗೆ ಆಳೆತ್ತರದ ಹಿಮದ ಗೋಡೆ. ನಿಬಾಲಿ, ಕೊಲಂಬಿಯಾದ ಚಾವೆಸ್, ಕ್ರೌಸ್‌ವೈಕ್ ಹೆಚ್ಚುಕಡಿಮೆ ಒಟ್ಟಿಗೇ ನೆತ್ತಿ ದಾಟಿದರು. ಇಳಿಜಾರು ಶುರುವಾಯಿತು. ಕೆಲವೇ ತಿರುವುಗಳಲ್ಲಿ ಕ್ರೌಸ್‌ವೈಕ್ ಗೆರೆ ತಪ್ಪಿ ಹಿಮದ ಗೋಡೆಗೆ ನುಗ್ಗಿ ಸೈಕಲ್ ಸಮೇತ ಲಾಗ ಹೊಡೆದ. ಅವನು ಎದ್ದು, ಸೈಕಲ್ ಬದಲಿಸಿ, ಮುರಿದ ಪಕ್ಕೆಲುಬಿನೊಂದಿಗೆ ಹೊರಡುವಷ್ಟರಲ್ಲಿ ಜೀರೊ ಅವನ ಕೈಬಿಟ್ಟಿತ್ತು.

ಅದೇ ಇಳಿಜಾರಿನಲ್ಲಿ ನಡೆದ ಇನ್ನೊಂದು ಸಂಗತಿ ಬಿದ್ದವನ ಚಿತ್ರದ ಮುಂದೆ ಮಸುಕಾಗಿದೆ. ನಿಬಾಲಿಯ ಜೊತೆಗಾರ ಮಿಕೇಲೆ ಸ್ಕಾರ್ಪೋನಿ ಬೆಳಗಿನಿಂದಲೇ ಮುಂದಿನ ಗುಂಪಿನಲ್ಲಿದ್ದ. ಅನ್ಯೆಲ್ಲೊ ನೆತ್ತಿಯನ್ನು ಮೊದಲು ದಾಟಿದ್ದೂ ಅವನೇ. ಸ್ವತಃ ಜೀರೊ ವಿಜೇತನಾಗಿದ್ದವನು, ಹಂತ ಗೆಲ್ಲುವ ಅವಕಾಶ ಕಣ್ಣೆದುರಿಗಿತ್ತು. ತಂಡದಿಂದ ಸೂಚನೆ ಬಂದದ್ದೇ ಸೈಕಲ್ ನಿಲ್ಲಿಸಿ ಕಾಲು ನೆಲಕ್ಕಿಟ್ಟು ನಾಯಕನಿಗಾಗಿ ಕಾದ, ಅವನು ಬಂದ ಮೇಲೆ ಮುಂದೆ ನಿಂತು ಗಾಳಿ ಸೀಳುತ್ತ ಕಣಿವೆಯಲ್ಲಿ ಎಳೆದುಕೊಂಡು ಹೋದ. ಮುಂದಿನವನ ಬೆನ್ನ ಹಿಂದೆ ಅಡಗಿ ಹೋದರೆ ಮೂರನೆಯ ಒಂದು ಪಾಲಿನಷ್ಟು ಶಕ್ತಿ ಉಳಿಯುತ್ತದೆ. ನಿಬಾಲಿ ಮುಕ್ತಾಯದ ರಿಸೂಲ್‌ನ ಏರಿನಲ್ಲಿ ಖರ್ಚು ಮಾಡಿದ್ದು ಹೀಗೆ ಉಳಿದ ಶಕ್ತಿಯನ್ನು. ಮೊದಲನೆಯವನಾಗಿ ಗೆರೆ ದಾಟಿ ಆಕಾಶದತ್ತ ಕೈಯೆತ್ತಿದ, ಆಮೇಲೆ ಕಂಬಿಗೆ ಒರಗಿ ಅತ್ತ. ತನ್ನ ಹೆಸರಿನಲ್ಲಿ ಮೆಸ್ಸಿನಾದಲ್ಲಿ ನಡೆಯುತ್ತಿದ್ದ ಕಿರಿಯರ ತಂಡದ ಹದಿನಾಲ್ಕರ ಹುಡುಗನೊಬ್ಬ ಆ ತಿಂಗಳು ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಗೆಲುವನ್ನು ಅವನಿಗೆ ಅರ್ಪಿಸಿದ.

ಇನ್ನೂ 44 ಸೆಕೆಂಡು ಬಾಕಿ ಇತ್ತು, ಗುಲಾಬಿ ಅಂಗಿ ಈಗ ಚಾವೆಸ್‌ನದು. ಮರುದಿನ ಲೊಂಬಾರ್ದಾ ಘಾಟಿಯಲ್ಲಿ ನಿಬಾಲಿ ಅವನನ್ನೂ ಬಿಟ್ಟು ಹೋದ. ಅಂತಿಮ ಅಂತರ 52 ಸೆಕೆಂಡು. ಮಗ ಸೋತ ಆ ಗಳಿಗೆಯಲ್ಲಿ ಚಾವೆಸ್‌ನ ತಂದೆ ತಾಯಿ ಗೆರೆಯ ಬಳಿ ನಿಬಾಲಿಯನ್ನು ಅಭಿನಂದಿಸಿದರು. ಸ್ಕಾರ್ಪೋನಿ ಮರುವರ್ಷ ಏಪ್ರಿಲ್ 22ರ ಬೆಳಿಗ್ಗೆ ತನ್ನ ಊರಿನ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿರುವಾಗ ವ್ಯಾನು ಡಿಕ್ಕಿ ಹೊಡೆದು ಸತ್ತ.

ರಸ್ತೆ ಕೊಟ್ಟದ್ದು, ಕಸಿದದ್ದು

ಅದೃಷ್ಟದ ಮಾತಾಡುವವರು ಲೆಕ್ಕದ ಇನ್ನೊಂದು ಮಗ್ಗುಲನ್ನೂ ಓದಬೇಕು. 2013ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಫ್ಲಾರೆನ್ಸಿನಲ್ಲಿ, ಅವನು ಬೆಳೆದ ಟಸ್ಕನಿಯಲ್ಲೇ. ಮಳೆಯಲ್ಲಿ ಬಿದ್ದ, ಎದ್ದು ಬೆನ್ನಟ್ಟಿ ಮುಂಚೂಣಿ ಸೇರಿದ, ನಾಲ್ಕನೆಯವನಾದ. 2016ರ ಆಗಸ್ಟ್ 6ರ ರಿಯೊ ಒಲಿಂಪಿಕ್ಸ್ ಇನ್ನೂ ಕ್ರೂರ. ಮುಂದಿದ್ದ ಮೂವರಲ್ಲಿ ನಿಬಾಲಿ ಒಬ್ಬ, ಗೆರೆಗೆ ಹನ್ನೆರಡು ಕಿ.ಮೀ.ನಷ್ಟು ಬಾಕಿ, ಪದಕ ಹೆಚ್ಚುಕಡಿಮೆ ಖಾತ್ರಿ. ವಿಸ್ತಾ ಶಿನೇಸಾ ಇಳಿಜಾರಿನಲ್ಲಿ ಆ ಮೂವರಲ್ಲಿ ಇನ್ನೊಬ್ಬನಾದ ಎನಾವೊ ಜೊತೆ ಅವನೂ ಬಿದ್ದು ಕಾಲರ್‌ಬೋನ್ ಮುರಿದುಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜಗತ್ತಿನಲ್ಲೇ ಚೆನ್ನಾಗಿ ಇಳಿಯುತ್ತಾನೆ ಎನಿಸಿಕೊಂಡವನು ಇಳಿಜಾರಿನಲ್ಲೇ ಚಿನ್ನ ಕಳೆದುಕೊಂಡ. ಅಪಾಯವನ್ನು ಬಂಡವಾಳ ಮಾಡಿಕೊಂಡವನು ಅಪಾಯಕ್ಕೆ ತೆತ್ತ ಬೆಲೆ ಅದು.

2018ರ ಟೂರ್‌ನಲ್ಲಿ ಆಲ್ಪ್ ದ್ಯುಯೆಜ್ ಏರಿನಲ್ಲಿ ಬಿದ್ದದ್ದಕ್ಕೆ ಅವನ ತಪ್ಪೂ ಇರಲಿಲ್ಲ. ನೆತ್ತಿಗೆ ನಾಲ್ಕು ಕಿ.ಮೀ. ಇರುವಾಗ, ಜನ ಮುಗಿಬಿದ್ದಿದ್ದ ಇಕ್ಕಟ್ಟಿನಲ್ಲಿ, ಪ್ರೇಕ್ಷಕನೊಬ್ಬನ ಕ್ಯಾಮೆರಾ ಪಟ್ಟಿ ಹ್ಯಾಂಡಲ್ಲಿಗೆ ಸಿಕ್ಕಿ ನೆಲಕ್ಕೆ ಬಿದ್ದ. ಎದ್ದು ಮತ್ತೆ ಏರಿ ವಿಜೇತನಿಗಿಂತ ಬರೀ 13 ಸೆಕೆಂಡು ಹಿಂದೆ ಮುಗಿಸಿದ. ಆಸ್ಪತ್ರೆಯಲ್ಲಿ ನೋಡಿದಾಗ ಬೆನ್ನುಮೂಳೆಯಲ್ಲಿ ಬಿರುಕು. ಒಟ್ಟಾರೆ ನಾಲ್ಕನೆಯ ಸ್ಥಾನದಲ್ಲಿದ್ದವನು ಮನೆಗೆ ಹೊರಟ.

ಅದೇ ವರ್ಷ ಮಾರ್ಚ್ 17ರಂದು ನಡೆದದ್ದು ಅವನ ಕೊನೆಯ ದೊಡ್ಡ ಗೆಲುವು. ನನ್ನ ಎಣಿಕೆಯಲ್ಲಿ ಅವನ ಅತ್ಯಂತ ಸೊಗಸಾದ ಗೆಲುವೂ ಅದೇ. ಆಗ ಅವನು ಬಹ್ರೇನ್–ಮೆರಿದಾ ತಂಡದಲ್ಲಿದ್ದ. ಮಿಲಾನ್–ಸಾನ್ ರೆಮೊ ಸುಮಾರು 290 ಕಿ.ಮೀ.ಗಳ ಉದ್ದನೆಯ ಓಟ, ಬಹುಪಾಲು ಸಮತಟ್ಟು, ಆರೂವರೆ ಏಳು ಗಂಟೆ ಏನೂ ನಡೆಯುವುದಿಲ್ಲ. ಕೊನೆಗೆ ಪೊಜ್ಜೊ ಎಂಬ ಸಣ್ಣ ಗುಡ್ಡ, ಬರೀ 3.7 ಕಿ.ಮೀ. ನೆತ್ತಿಯಿಂದ ಗೆರೆಗೆ ಐದೂವರೆ ಕಿ.ಮೀ. ಸಾಮಾನ್ಯವಾಗಿ ಗೆಲ್ಲುವುದು ಸ್ಪ್ರಿಂಟ್‌ನಲ್ಲಿ ಸಿಡಿಯುವ ದಪ್ಪ ತೊಡೆಯವರು; ಪರ್ವತ ಏರುವ ಹಗುರ ಸವಾರನಿಗೆ ಅಲ್ಲಿ ಕೆಲಸವಿಲ್ಲ. ಲಾಟ್ವಿಯಾದ ನೇಲಾಂಡ್ಸ್ ಪೊಜ್ಜೊ ಮೇಲೆ ನುಗ್ಗಿದಾಗ ನಿಬಾಲಿ ಬೆನ್ನು ಹಿಡಿದು ಹೋದ, ಹಿಂದಿರುಗಿ ನೋಡಿದರೆ ಗುಂಪು ದೂರ. ಅವನನ್ನೂ ಬಿಟ್ಟ. ನೆತ್ತಿಯಲ್ಲಿ ಮುನ್ನಡೆ ಹನ್ನೆರಡು ಸೆಕೆಂಡಿನ ಆಸುಪಾಸು. ಹಸಿರುಮನೆಗಳ ನಡುವಿನ ಕಿರುದಾರಿಯಲ್ಲಿ ತಿರುವು ತಿರುವಾಗಿ ಇಳಿದು ಸಮುದ್ರದಂಡೆಯ ಪಟ್ಟಣದ ವಿಯಾ ರೋಮಾ ಬೀದಿಗೆ ಬಂದಾಗ ಹಿಂದೆ ಇಡೀ ಗುಂಪು ಬಾಯಿ ತೆರೆದು ಬರುತ್ತಿತ್ತು. ಗೆರೆಗೆ ಮೊದಲೇ ಕೈಯೆತ್ತಿದ. ಎರಡನೆಯವನಾದ ಆಸ್ಟ್ರೇಲಿಯಾದ ಕೇಲೆಬ್ ಯೂವನ್ ಕೆಲವೇ ಸೈಕಲ್ಲುಗಳಷ್ಟು ಹಿಂದೆ. ಅಧಿಕೃತ ಸಮಯದಲ್ಲಿ ಅಂತರವೇ ಇಲ್ಲ. 2006ರ ಪೊತ್ಸಾತೊನ ನಂತರ ಸಾನ್ ರೆಮೊ ಗೆದ್ದ ಮೊದಲ ಇಟಾಲಿಯನ್. ಈ ಗೆಲುವಿಗೆ ಯಾರ ಬೀಳುವಿಕೆಯ ನೆರವೂ ಇರಲಿಲ್ಲ. 'ಇವನು ಬರೀ ಅದೃಷ್ಟವಂತ' ಎನ್ನುತ್ತಿದ್ದವರು ಆ ಸಂಜೆ ಸುಮ್ಮನಾದರು.

ಆಮೇಲಿನ ವರ್ಷಗಳಲ್ಲಿ ನಿಧಾನದ ಇಳಿಮುಖ. 2019ರ ಜೀರೊದಲ್ಲಿ ಕರಾಪಾಸ್ ಹಿಂದೆ ಎರಡನೆಯ ಸ್ಥಾನ, ಅದೇ ವರ್ಷ ಭೂಕುಸಿತದಿಂದ ಮೊಟಕಾದ ವಾಲ್ ತೊರಾನ್ಸ್ ಹಂತದಲ್ಲಿ ಟೂರ್‌ನ ಕೊನೆಯ ಗೆಲುವು. ಟ್ರೆಕ್–ಸೆಗಾಫ್ರೆದೊ ತಂಡದಲ್ಲಿ ಎರಡು ವರ್ಷ, 2021ರಲ್ಲಿ ತವರಿನ ಸಿಸಿಲಿ ಸುತ್ತಿನ ಓಟದಲ್ಲಿ ಗೆಲುವು, ಕೊನೆಗೆ ಮತ್ತೆ ಅಸ್ತಾನಾ.

ಜನಮನದಲ್ಲಿ

ಮೂರೂ ಗ್ರ್ಯಾಂಡ್ ಟೂರ್ ಗೆದ್ದವರು ಅವನು ನಿವೃತ್ತನಾದಾಗ ಏಳೇ ಮಂದಿ: ಆಂಕೆತಿಲ್, ಜಿಮೊಂದಿ, ಮೆರ್ಕ್ಸ್, ಇನೊ, ಕೊಂತಾದೊರ್, ನಿಬಾಲಿ, ಫ್ರೂಮ್. ಈ ಏಳರಲ್ಲಿ ಎರಡು ಬೇರೆ ಬೇರೆ ಮಾನ್ಯುಮೆಂಟ್‌ಗಳನ್ನೂ ಗೆದ್ದವರನ್ನು ಹುಡುಕಿದರೆ ಮೆರ್ಕ್ಸ್, ಜಿಮೊಂದಿ, ಇನೊ ಬಿಟ್ಟರೆ ನಿಬಾಲಿ ಮಾತ್ರ. ಫ್ರೂಮ್ ಅವನಿಗಿಂತ ಹೆಚ್ಚು ಟೂರ್ ಗೆದ್ದ, ಕೊಂತಾದೊರ್ ಏರಿನಲ್ಲಿ ಅವನಿಗಿಂತ ಚುರುಕು. ಆದರೆ ಮಾರ್ಚ್‌ನಲ್ಲಿ ಸಾನ್ ರೆಮೊ, ಜುಲೈನಲ್ಲಿ ಪ್ಯಾರಿಸ್, ಅಕ್ಟೋಬರ್‌ನಲ್ಲಿ ಕೊಮೊ ಎಂದು ವರ್ಷವಿಡೀ ಗೆಲ್ಲಲು ಹೊರಡುವ ಹಳೆಗಾಲದ ಸವಾರನ ಜಾತಿ ಅವರದಲ್ಲ. ವ್ಯಾಟ್ ಲೆಕ್ಕ ನೋಡಿಕೊಂಡು ಏರಿನಲ್ಲಿ ಸಮನಾಗಿ ತುಳಿಯುವ, ತಂಡದ ರೈಲುಗಾಡಿ ಎಳೆದುಕೊಂಡು ಹೋಗುವ ಕಾಲದಲ್ಲಿ ನಿಬಾಲಿ ಅನಿಸಿದ ಕಡೆ ನುಗ್ಗುತ್ತಿದ್ದ. ಹತ್ತರಲ್ಲಿ ಏಳು ಬಾರಿ ಅದು ಫಲಿಸುತ್ತಿರಲಿಲ್ಲ. ಬೇರೆ ದೇಶದ ಅಭಿಮಾನಿಗಳೂ ಅವನನ್ನು ಮೆಚ್ಚಿದ್ದು ಆ ಏಳಕ್ಕಾಗಿಯೇ.

ಸ್ವದೇಶದಲ್ಲಿ ಅವನ ಸ್ಥಾನ ಅಷ್ಟು ಸರಳವಲ್ಲ. ಪಂತಾನಿ ಇಟಲಿಗೆ ಗಾಯ, ಬಾರ್ತಾಲಿ–ಕೊಪ್ಪಿ ಪುರಾಣ. ನಿಬಾಲಿಯಲ್ಲಿ ಗಾಯವೂ ಇಲ್ಲ, ಪುರಾಣವೂ ಇಲ್ಲ. ಮಾತು ಕಡಿಮೆ, ನಾಟಕ ಕಡಿಮೆ, ಹಗರಣ ಒಂದೋ ಎರಡೋ. ಪತ್ರಿಕೆಗಳಿಗೆ ಇಂಥವನಿಂದ ಹೆಚ್ಚು ಸರಕು ಸಿಗುವುದಿಲ್ಲ. ಗೆದ್ದಾಗ ಅನುಮಾನಿಸಿದ ಜನ ಬಿದ್ದು ಎದ್ದಾಗ ಹತ್ತಿರವಾದರು. ಆಲ್ಪ್ ದ್ಯುಯೆಜ್‌ನ ಮಧ್ಯಾಹ್ನದ ನಂತರ ಅವನಿಗೆ ಸಿಕ್ಕ ಪ್ರೀತಿ ಪ್ಯಾರಿಸ್ಸಿನಲ್ಲಿ ಸಿಕ್ಕದ್ದಕ್ಕಿಂತ ಬೆಚ್ಚಗಿತ್ತು. ಇನ್ನು ದಕ್ಷಿಣದವರಿಗೆ, ಅದರಲ್ಲೂ ಮೆಸ್ಸಿನಾದವರಿಗೆ, ಈ ತಕ್ಕಡಿ ಯಾವುದೂ ಬೇಕಿರಲಿಲ್ಲ. ಉತ್ತರದ ಆಟದಲ್ಲಿ ಉತ್ತರದವರನ್ನು ಸೋಲಿಸಿ ಬಂದ ಹುಡುಗ ಅವನು.

2022ರ ಮೇ 11ರಂದು ಜೀರೊದ ಐದನೆಯ ಹಂತ ಕತಾನಿಯಾದಿಂದ ಮೆಸ್ಸಿನಾಗೆ ಬಂತು. ಹಂತ ಗೆದ್ದವನು ಫ್ರಾನ್ಸಿನ ದೆಮಾರ್. ಅಂದು ಸಂಜೆ ತವರೂರಿನಲ್ಲಿ, ಟಿವಿ ಕ್ಯಾಮೆರಾದ ಮುಂದೆ, ಈ ವರ್ಷದ ಕೊನೆಗೆ ನಿಲ್ಲಿಸುತ್ತೇನೆ ಎಂದು ನಿಬಾಲಿ ಗಂಟಲು ಕಟ್ಟಿ ಹೇಳಿದ. ನಿವೃತ್ತಿ ಹೇಳಿ ಸುಮ್ಮನಾಗಲಿಲ್ಲ. 37ನೆಯ ವಯಸ್ಸಿನಲ್ಲಿ ಆ ಜೀರೊವನ್ನು ನಾಲ್ಕನೆಯವನಾಗಿ ಮುಗಿಸಿದ. ಕೊನೆಯ ಓಟ ಅಕ್ಟೋಬರ್ 8ರ ಲೊಂಬಾರ್ದಿಯಾ. ಸ್ಪೇನಿನ ವಾಲ್ವೆರ್ದೆ ಕೂಡ ಅಂದೇ ನಿವೃತ್ತನಾದ. ಮುಕ್ತಾಯದ ಗೆರೆ ಇದ್ದದ್ದು ಕೊಮೊದಲ್ಲಿ, ನಿಬಾಲಿ ಎರಡು ಬಾರಿ ಗೆದ್ದ ಊರಿನಲ್ಲೇ. ಆಮೇಲೆ ಕ್ಯೂ36.5 ಎಂಬ ಹೊಸ ತಂಡಕ್ಕೆ ಸಲಹೆಗಾರನಾದ.

ಅನ್ಯೆಲ್ಲೊ ಘಾಟಿ ದಾಟಿದ ಆ 2016ರ ಜೀರೊದಿಂದ 2025ರ ಕೊನೆಯವರೆಗೆ ಇಟಲಿಯ ಯಾವ ಪುರುಷ ಸವಾರನೂ ಗ್ರ್ಯಾಂಡ್ ಟೂರ್ ಗೆದ್ದಿಲ್ಲ.